ಅಂಕ ಒಂದೇ, ಲೆಕ್ಕ ಬೇರೆ: ನೀಟ್ ಫಲಿತಾಂಶವನ್ನು ಓದುವ ಬಗೆ

ನೀಟ್ ಫಲಿತಾಂಶ ಬಂದ ದಿನ ನಮ್ಮ ಊರುಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಬಂತು?” ದಮ್ಮಾಮಿನಿಂದ ಫೋನ್ ಮಾಡುವ ಬಾಪ ಕೇಳುವುದೂ ಅದೇ, ಪಕ್ಕದ ಮನೆಯವರು ಕೇಳುವುದೂ ಅದೇ. ಉತ್ತರವಾಗಿ ಒಂದು ಸಂಖ್ಯೆ ಹೇಳಿದರೆ ಆಯ್ತು. ಆ ಸಂಖ್ಯೆಯ ಮೇಲೆ ಮನೆಯಲ್ಲಿ ಸಂತೋಷವೋ ಮೌನವೋ ನಿರ್ಧಾರವಾಗುತ್ತದೆ. ಇನ್ನೊಂದು ವರ್ಷ ಕೋಚಿಂಗಿಗೆ ಕಳಿಸುವುದಾ, ಉಮ್ಮನ ಚಿನ್ನ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ನೋಡುವುದಾ, “ಹೆಣ್ಣುಮಗು, ಸಾಕು ಬಿಡಿ” ಅಂತ ನಿಲ್ಲಿಸುವುದಾ, ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ ನಿಂತುಬಿಡುತ್ತದೆ.

ಮದ್ರಸದಲ್ಲಿ ಕಲಿತು ಹೋದ ಮಕ್ಕಳು ಪಿಯುಸಿ ವಿಜ್ಞಾನ ಮುಗಿಸಿ ನೀಟ್ ಬರೆದ ಮೇಲೆ ಅಂಕಪಟ್ಟಿ ಹಿಡಿದುಕೊಂಡು ಬರುವುದುಂಟು. ಜೊತೆಗೆ ತಂದೆಯೋ ಮಾವನೋ ಇರುತ್ತಾರೆ. “ಉಸ್ತಾದ್, 480 ಬಂದಿದೆ, ಸೀಟು ಸಿಗ್ತದಾ?” ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಯಾವ ವರ್ಷದ 480, ದೇಶದಲ್ಲಿ ಎಷ್ಟನೇ ರ‍್ಯಾಂಕ್, ಫಿಸಿಕ್ಸ್‌ನಲ್ಲಿ ಎಷ್ಟು, ಬಯಾಲಜಿಯಲ್ಲಿ ಎಷ್ಟು ಎಂದು ಗೊತ್ತಾಗದೆ 480 ಎಂಬುದಕ್ಕೆ ಅರ್ಥವೇ ಬರುವುದಿಲ್ಲ. ಆದ್ದರಿಂದ ಈ ವಾರ ಆ ಅಂಕಪಟ್ಟಿಯನ್ನು ಹೇಗೆ ಓದಬೇಕು ಎಂಬುದನ್ನೇ ಬರೆಯುತ್ತಿದ್ದೇನೆ.

ಅಂಕ ಅಲ್ಲ, ರ‍್ಯಾಂಕ್ ನೋಡಿ

ಮೊದಲು ಪರೀಕ್ಷೆಯ ಲೆಕ್ಕ. 2025ರಿಂದ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಎಲ್ಲ ಪ್ರಶ್ನೆಯೂ ಕಡ್ಡಾಯ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. ಒಟ್ಟು 720. ಅದರಲ್ಲಿ 360, ಅಂದರೆ ಸರಿಯಾಗಿ ಅರ್ಧ, ಬಯಾಲಜಿಯದ್ದು. ಉಳಿದೆರಡಕ್ಕೆ 180ರಂತೆ.

ಆದರೆ ಪ್ರಶ್ನೆಪತ್ರಿಕೆ ಪ್ರತಿವರ್ಷ ಒಂದೇ ತೂಕದ್ದಲ್ಲ. 2024ರಲ್ಲಿ ದೇಶದಲ್ಲಿ 600ಕ್ಕಿಂತ ಮೇಲೆ ಅಂಕ ಪಡೆದವರು 80 ಸಾವಿರದಷ್ಟು ಮಂದಿ. 2025ರಲ್ಲಿ ಫಿಸಿಕ್ಸ್ ಬಹಳ ಕಠಿಣವಾಗಿತ್ತು. 600 ದಾಟಿದವರು ಒಂದೂವರೆ ಸಾವಿರದೊಳಗೆ. ದೇಶಕ್ಕೆ ಮೊದಲು ಬಂದ ವಿದ್ಯಾರ್ಥಿಗೆ ಸಿಕ್ಕಿದ್ದೇ 686. ಹಿಂದಿನ ವರ್ಷ 600 ತೆಗೆದ ಅಣ್ಣನಿಗೆ ಸೀಟು ಸಿಗಲಿಲ್ಲ, ಹಾಗಾದರೆ ಈಗ 550 ತೆಗೆದ ತಮ್ಮನಿಗೆ ಹೇಗೆ ಸಿಗ್ತದೆ ಅಂತ ಹೇಳುವವರು ಈ ವ್ಯತ್ಯಾಸ ಗಮನಿಸುವುದಿಲ್ಲ. ಅಂಕವನ್ನು ಅಂಕಕ್ಕೆ ಹೋಲಿಸಬಾರದು. ರ‍್ಯಾಂಕನ್ನು ರ‍್ಯಾಂಕಿಗೆ ಹೋಲಿಸಬೇಕು.

ಇನ್ನೊಂದು ಗೊಂದಲ ಪರ್ಸೆಂಟೈಲ್‌ನದ್ದು. ಇದು ಶೇಕಡಾ ಅಂಕ ಅಲ್ಲ ಮಾರಾಯ್ರೇ. ಪರೀಕ್ಷೆ ಬರೆದ ನೂರು ಮಂದಿಯಲ್ಲಿ ನಿಮ್ಮ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರು ಎಷ್ಟು ಮಂದಿ ಅನ್ನುವ ಲೆಕ್ಕ. 90 ಪರ್ಸೆಂಟೈಲ್ ಅಂದರೆ ಕೇಳಲು ಚಂದ. ಆದರೆ 2025ರಲ್ಲಿ ಪರೀಕ್ಷೆ ಬರೆದವರು 22.09 ಲಕ್ಷ. 90 ಪರ್ಸೆಂಟೈಲ್ ಇದ್ದರೆ ಮುಂದೆ ಇನ್ನೂ 2 ಲಕ್ಷ 20 ಸಾವಿರ ಮಂದಿ ಇದ್ದಾರೆ ಅಂತ ಅರ್ಥ. 95 ಇದ್ದರೆ ಒಂದು ಲಕ್ಷದ ಹತ್ತು ಸಾವಿರ. 99 ಇದ್ದರೂ ಇಪ್ಪತ್ತೆರಡು ಸಾವಿರ ಮಂದಿ ಮುಂದಿದ್ದಾರೆ. ಇಡೀ ದೇಶದಲ್ಲಿ ಇರುವ ಎಂಬಿಬಿಎಸ್ ಸೀಟುಗಳೇ ಸುಮಾರು 1.2 ಲಕ್ಷ. ಅದರಲ್ಲಿ ಬಡ, ಮಧ್ಯಮ ಮನೆಯವರ ಕೈಗೆಟಕುವ ಸರ್ಕಾರಿ ಸೀಟುಗಳು ಅರ್ಧದ ಆಸುಪಾಸು.

“ನೀಟ್ ಪಾಸ್” ಎಂಬ ಮಾತನ್ನೂ ಹುಷಾರಾಗಿ ಕೇಳಬೇಕು. ಅರ್ಹತೆಗೆ ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟೈಲ್, ಒಬಿಸಿ, ಎಸ್‌ಸಿ, ಎಸ್‌ಟಿಯವರಿಗೆ 40 ಪರ್ಸೆಂಟೈಲ್ ಸಾಕು. 2025ರಲ್ಲಿ ಅದು 720ಕ್ಕೆ 144 ಮತ್ತು 113 ಅಂಕಕ್ಕೆ ಬಂದು ನಿಂತಿತ್ತು. ಹೀಗೆ ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಅರ್ಹತೆ ಅಂದರೆ ಸೀಟಿನ ಸಾಲಿನಲ್ಲಿ ನಿಲ್ಲಲು ಅನುಮತಿ, ಅಷ್ಟೇ. ಫಲಿತಾಂಶದ ಮರುದಿನವೇ ಏಜೆಂಟರ ಫೋನ್ ಬರುವುದು ಈ ಒಂದು ಶಬ್ದದ ಮೇಲೆಯೇ. ವಿದೇಶದಲ್ಲಿ ಎಂಬಿಬಿಎಸ್ ಮಾಡಿ ಇಲ್ಲಿ ವೃತ್ತಿ ಮಾಡಬೇಕಾದರೂ ನೀಟ್ ಅರ್ಹತೆ ಬೇಕೇ ಬೇಕು. ಹಾಗಾಗಿ “ಪಾಸ್ ಆಗಿದೆಯಲ್ಲ, ಹಣ ರೆಡಿ ಮಾಡಿ” ಅನ್ನುವುದು ಅವರಿಗೆ ಸುಲಭ.

ಒಂದೇ 480, ಇಬ್ಬರು ಮಕ್ಕಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಉದಾಹರಣೆಗೆ ಇಬ್ಬರು ಮಕ್ಕಳು, ಇಬ್ಬರಿಗೂ 480 ಎಂದಿಟ್ಟುಕೊಳ್ಳಿ. ಮೊದಲನೆಯವಳಿಗೆ ಬಯಾಲಜಿ 300, ಕೆಮಿಸ್ಟ್ರಿ 110, ಫಿಸಿಕ್ಸ್ 70. ಎರಡನೆಯವನಿಗೆ ಬಯಾಲಜಿ 230, ಕೆಮಿಸ್ಟ್ರಿ 125, ಫಿಸಿಕ್ಸ್ 125. ಪತ್ರಿಕೆಯಲ್ಲಿ ಬರುವುದು, ನೆಂಟರಿಗೆ ಹೇಳುವುದು ಒಂದೇ ಸಂಖ್ಯೆ. ಆದರೆ ಇವರಿಬ್ಬರ ಮುಂದಿನ ದಾರಿ ಒಂದೇ ಅಲ್ಲ.

ಮೊದಲ ವ್ಯತ್ಯಾಸ ರ‍್ಯಾಂಕಿನಲ್ಲೇ ಕಾಣುತ್ತದೆ. ಒಟ್ಟು ಅಂಕ ಸಮನಾದಾಗ ಬಯಾಲಜಿಯಲ್ಲಿ ಹೆಚ್ಚು ಇದ್ದವರನ್ನು ಮುಂದೆ ಹಾಕುವುದು ಕ್ರಮ. ಅದೂ ಸಮ ಆದರೆ ಕೆಮಿಸ್ಟ್ರಿ, ಆಮೇಲೆ ಫಿಸಿಕ್ಸ್. ಅದೂ ಸಮ ಆದರೆ ಸರಿ ಉತ್ತರಕ್ಕೆ ಹೋಲಿಸಿ ತಪ್ಪು ಉತ್ತರ ಯಾರದ್ದು ಕಡಿಮೆ ಎಂದು ನೋಡುತ್ತಾರೆ. ಹಾಗಾಗಿ ಈ 480ರಲ್ಲಿ ಹುಡುಗಿ ಮುಂದೆ, ಹುಡುಗ ಹಿಂದೆ.

ಆದರೆ ಇನ್ನೊಂದು ವರ್ಷ ಓದಿಸುವ ಪ್ರಶ್ನೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಹುಡುಗನಿಗೆ ಬಯಾಲಜಿಯಲ್ಲಿ ಇನ್ನೂ 130 ಅಂಕ ಬಾಕಿ ಇದೆ. ಬಯಾಲಜಿ ಹೆಚ್ಚಾಗಿ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ, ಚಿತ್ರ ಸಮೇತ, ಮತ್ತೆ ಮತ್ತೆ ಓದಿದರೆ ಕೈಗೆ ಬರುವ ವಿಷಯ. ಫಿಸಿಕ್ಸ್‌ನ ತಳಪಾಯ ಅವನಿಗೆ ಈಗಾಗಲೇ ಇದೆ. ಶಿಸ್ತಿನಿಂದ ಕೆಲವು ತಿಂಗಳು ಓದಿದರೆ ಅವನ ಅಂಕ ಮೇಲೆ ಹೋಗುವ ದಾರಿ ಸ್ಪಷ್ಟ ಉಂಟು. ಹುಡುಗಿಯ ಬಯಾಲಜಿ ಆಗಲೇ ಮೇಲಿದೆ, ಅಲ್ಲಿ ಬಾಕಿ ಇರುವುದು 60 ಮಾತ್ರ. ಆಕೆಗೆ ಸಿಗಬೇಕಾದದ್ದೆಲ್ಲ ಫಿಸಿಕ್ಸ್ ಮತ್ತು ಕೆಮಿಸ್ಟ್ರಿಯಲ್ಲಿ ಇದೆ. ಅದರಲ್ಲೂ ಫಿಸಿಕ್ಸ್ ಅಂದರೆ ಲೆಕ್ಕ, ಬಾಯಿಪಾಠದಿಂದ ಬರುವುದಿಲ್ಲ. ಹೈಸ್ಕೂಲಿನ ಗಣಿತದಿಂದಲೇ ಸರಿಪಡಿಸಿಕೊಂಡು ಬರಬೇಕಾಗಬಹುದು. ಆಗುವುದಿಲ್ಲ ಎಂದಲ್ಲ, ನಿಧಾನವಾಗಿ ಆಗುತ್ತದೆ. ಒಂದು ವರ್ಷ ಮತ್ತೆ ಅದೇ ಬಯಾಲಜಿಯನ್ನೇ ಹೆಚ್ಚು ಓದಿಸುವ ಕಡೆ ಅವಳನ್ನು ಸೇರಿಸಿದರೆ ವರ್ಷವೂ ಹೋಯಿತು, ಹಣವೂ ಹೋಯಿತು.

ಮೂರೂ ವಿಷಯದ ಸಮತೋಲನ ಎಂದರೆ ಮೂರರಲ್ಲೂ ಸಮಾನ ಅಂಕ ಎಂದಲ್ಲ. ಮುಂದಿನ ಅಂಕ ಯಾವ ವಿಷಯದಲ್ಲಿ ಕಡಿಮೆ ಶ್ರಮಕ್ಕೆ ಸಿಗುತ್ತದೆ, ಯಾವ ವಿಷಯ ಕೆಳಗೆ ಎಳೆಯುತ್ತಿದೆ ಎಂದು ತಿಳಿಯುವುದೇ ಸಮತೋಲನ.

ನಮ್ಮ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಆ ಹುಡುಗಿಯ ರೀತಿಯದ್ದು. ಬಯಾಲಜಿ ಚೆನ್ನಾಗಿದೆ, ಫಿಸಿಕ್ಸ್ ಕೈಕೊಟ್ಟಿದೆ. ಇದಕ್ಕೆ ಮಗುವಿನ ಬುದ್ಧಿಯನ್ನು ದೂರುವುದು ಬೇಡ. ಎಂಟನೇ, ಒಂಬತ್ತನೇ ತರಗತಿಯಲ್ಲಿ ಗಣಿತ ಹಿಂದೆ ಬಿದ್ದದ್ದನ್ನು ಯಾರೂ ನೋಡಿರುವುದಿಲ್ಲ. ಪಿಯುಸಿಗೆ ಬಂದ ಮೇಲೆ “ಡಾಕ್ಟರ್ ಆಗುವವರಿಗೆ ಗಣಿತ ಯಾಕೆ” ಅಂತ ಇನ್ನೂ ದೂರ ಇಡುತ್ತೇವೆ. ಆ ದೂರದ ಬೆಲೆಯನ್ನು ನೀಟ್‌ನ 45 ಫಿಸಿಕ್ಸ್ ಪ್ರಶ್ನೆಗಳು ವಸೂಲು ಮಾಡುತ್ತವೆ.

70 ಅಂಕದ ಒಳಗೆ ಏನಿದೆ?

ಫಿಸಿಕ್ಸ್‌ನಲ್ಲಿ 70 ಅಂದೆವು. ಆ 70 ಕೂಡ ಎರಡು ರೀತಿಯಲ್ಲಿ ಬರಬಹುದು. ಒಬ್ಬಳು 20 ಪ್ರಶ್ನೆ ಸರಿ ಮಾಡಿ, 10 ತಪ್ಪಿಸಿ, 15 ಬಿಟ್ಟಿದ್ದಾಳೆ: 80ರಲ್ಲಿ 10 ಕಳೆದು 70. ಇನ್ನೊಬ್ಬಳು 45ನ್ನೂ ಗುರುತು ಹಾಕಿ 23 ಸರಿ, 22 ತಪ್ಪು: 92ರಲ್ಲಿ 22 ಕಳೆದು ಅದೂ 70. ಮೊದಲನೆಯವಳಿಗೆ ಗೊತ್ತಿಲ್ಲದ ಪಾಠಗಳು ಉಂಟು, ಅಥವಾ ಸಮಯ ಸಾಲಲಿಲ್ಲ. ಎರಡನೆಯವಳಲ್ಲಿ ಗೊತ್ತಿದ್ದದ್ದೆಷ್ಟು, ಅದೃಷ್ಟದ್ದೆಷ್ಟು ಎಂದು ಆಕೆಗೇ ಗೊತ್ತಿಲ್ಲ. ಇಬ್ಬರಿಗೂ “ಫಿಸಿಕ್ಸ್ ವೀಕ್” ಅಂತ ಒಂದೇ ಮಾತು ಹೇಳಿ ಒಂದೇ ಕ್ಲಾಸಿಗೆ ಹಾಕಿದರೆ ಪ್ರಯೋಜನ ಇಲ್ಲ.

ಹಾಗೆ ಅಂತ “ನೆಗೆಟಿವ್ ಉಂಟು, ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ” ಅಂತ ಹೆದರಿಸುವುದೂ ಸರಿಯಲ್ಲ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೆ ನಾಲ್ಕು ಬಾರಿಯಲ್ಲಿ ಸರಾಸರಿ ಒಮ್ಮೆ 4 ಸಿಗುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ನಾಲ್ಕು ಪ್ರಶ್ನೆಗೆ ಸಿಕ್ಕಿದ್ದು ಒಂದು ಅಂಕ. ಆಡಿದ್ದಕ್ಕೆ ಸಿಕ್ಕಿದ್ದು ಹೆಚ್ಚೇನೂ ಇಲ್ಲ. ಆದರೆ ಎರಡು ಆಯ್ಕೆ ಖಂಡಿತ ತಪ್ಪು ಎಂದು ತಿಳಿದು ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ ನಾಲ್ಕು ಪ್ರಶ್ನೆಗೆ ಸರಾಸರಿ ಆರು ಅಂಕ ಉಳಿಯುತ್ತದೆ. ಅರ್ಧ ತಿಳಿದದ್ದನ್ನು ಬಿಡಬಾರದು, ಏನೂ ತಿಳಿಯದ್ದಕ್ಕೆ ಸಮಯ ಕಳೆಯಬಾರದು. ಇಷ್ಟು ಮಕ್ಕಳಿಗೆ ಅಭ್ಯಾಸ ಆದರೆ ಸಾಕು.

ಇನ್ನೊಂದು ಸಂಗತಿ ಸಮಯ. ಸರಾಸರಿ ಪ್ರಶ್ನೆಗೆ ಒಂದು ನಿಮಿಷ. ಬಯಾಲಜಿಯ 90 ಪ್ರಶ್ನೆಯನ್ನು 50 ನಿಮಿಷದಲ್ಲಿ ಮುಗಿಸಿದವನಿಗೆ ಉಳಿದ ಎರಡು ವಿಷಯಕ್ಕೆ 130 ನಿಮಿಷ ಸಿಗುತ್ತದೆ. ಬಯಾಲಜಿಗೆ 80 ನಿಮಿಷ ಹಿಡಿದವನಿಗೆ 100 ಮಾತ್ರ. ಹಾಗಾಗಿ ಕೆಲವು ಮಕ್ಕಳ ಫಿಸಿಕ್ಸ್ ಕಡಿಮೆಯಾಗಲು ಕಾರಣ ಫಿಸಿಕ್ಸೇ ಅಲ್ಲ, ಬಯಾಲಜಿಯ ನಿಧಾನ.

ಇದನ್ನೆಲ್ಲ ತಿಳಿಯುವುದು ಎಲ್ಲಿಂದ? ನೀಟ್ ಅಂಕಪಟ್ಟಿಯಲ್ಲಿ ಒಟ್ಟು ಅಂಕ, ಒಟ್ಟು ಪರ್ಸೆಂಟೈಲ್, ದೇಶದ ರ‍್ಯಾಂಕ್ ಇರುತ್ತದೆ. ವಿಷಯವಾರು ಜಾಗದಲ್ಲಿ ಕಾಣುವುದು ಪರ್ಸೆಂಟೈಲ್. ಆದ್ದರಿಂದ ವಿಷಯವಾರು ಅಂಕವನ್ನು ಮಗುವೇ ಕೂತು ಲೆಕ್ಕ ಹಾಕಬೇಕು. ಪ್ರಶ್ನೆಪತ್ರಿಕೆ ಮನೆಗೆ ತರಲು ಬಿಡುತ್ತಾರೆ. ಎನ್‌ಟಿಎ ಓಎಂಆರ್ ಹಾಳೆಯ ಸ್ಕ್ಯಾನ್ ಮತ್ತು ಅಂತಿಮ ಉತ್ತರ ಸೂಚಿ ಕೊಡುತ್ತದೆ. ಮೂರನ್ನೂ ಪಕ್ಕದಲ್ಲಿಟ್ಟು ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ಒಂದು ಗುರುತು ಹಾಕಲಿ: ಓದಿಯೇ ಇರಲಿಲ್ಲವಾ, ಓದಿ ಮರೆತದ್ದಾ, ಲೆಕ್ಕದಲ್ಲಿ ಎಡವಿದ್ದಾ, ಸಮಯ ಸಾಲದೆ ಬಿಟ್ಟದ್ದಾ, ಸುಮ್ಮನೆ ಅಂದಾಜಿನಲ್ಲಿ ಗುರುತಿಸಿದ್ದಾ? ಒಂದು ಸಂಜೆಯ ಕೆಲಸ. ಯಾವ ಕೌನ್ಸೆಲರೂ ಇದಕ್ಕಿಂತ ಸರಿಯಾದ ಸಲಹೆ ಕೊಡಲಾರ.

ವಿಷಯವಾರು ಪರ್ಸೆಂಟೈಲ್ ನೋಡುವಾಗಲೂ ಒಂದು ಎಚ್ಚರ ಬೇಕು. ಫಿಸಿಕ್ಸ್ ಕಠಿಣವಾದ ವರ್ಷ ಎಲ್ಲರ ಅಂಕವೂ ಇಳಿದಿರುತ್ತದೆ. 180ಕ್ಕೆ 70 ನೋಡಿ ಮನೆಯವರು ಬೈಯುತ್ತಾರೆ, ಆದರೆ ಪರ್ಸೆಂಟೈಲ್ ನೋಡಿದರೆ ಅದು ಬಯಾಲಜಿಗಿಂತ ಕೆಳಗೆ ಇಲ್ಲದೆಯೂ ಇರಬಹುದು. ಹೀಗಾಗಿ ಎರಡನ್ನೂ ನೋಡಬೇಕು. ಉಳಿದವರ ಎದುರು ಮಗು ಎಲ್ಲಿ ನಿಂತಿದೆ ಎಂದು ಪರ್ಸೆಂಟೈಲ್ ಹೇಳುತ್ತದೆ, ಇನ್ನೂ ಎಷ್ಟು ಜಾಗ ಬಾಕಿ ಇದೆ ಎಂದು ಅಂಕ ಹೇಳುತ್ತದೆ. ಮೂರು ವಿಷಯದ ಪರ್ಸೆಂಟೈಲ್ ಕೂಡಿಸಿ ಮೂರರಿಂದ ಭಾಗಿಸಿದರೆ ಒಟ್ಟು ಪರ್ಸೆಂಟೈಲ್ ಬರುವುದಿಲ್ಲ. ಅದು ಒಟ್ಟು ಅಂಕದ ಮೇಲೆ ಬೇರೆಯೇ ಹಾಕಿದ ಲೆಕ್ಕ.

ಒಂದು ಪ್ರಶ್ನೆಯ ಬೆಲೆ ಎಷ್ಟು ಎಂದು ತಿಳಿಯಲು 2024ನ್ನು ನೆನಪಿಸಿಕೊಳ್ಳಿ. ಒಂದೇ ಒಂದು ಫಿಸಿಕ್ಸ್ ಪ್ರಶ್ನೆಗೆ ಎರಡು ಉತ್ತರ ಸರಿ ಎಂದು ಅಂಕ ಕೊಟ್ಟಿದ್ದರು. ದಿಲ್ಲಿ ಐಐಟಿಯ ತಜ್ಞರ ಅಭಿಪ್ರಾಯ ಪಡೆದ ಸುಪ್ರೀಂ ಕೋರ್ಟ್ ಒಂದೇ ಉತ್ತರ ಸರಿ ಎಂದ ಮೇಲೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಐದೈದು ಇಳಿಯಿತು. ಮೊದಲ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಮಂದಿ ಇದ್ದರು, ಎಲ್ಲ ಪರಿಷ್ಕರಣೆ ಮುಗಿದಾಗ ಉಳಿದದ್ದು 17.

ನಮ್ಮ ಜಿಲ್ಲೆಯ ಲೆಕ್ಕ

ಮಂಗಳೂರು ಸುತ್ತಮುತ್ತ ಮೆಡಿಕಲ್ ಕಾಲೇಜಿಗೆ ಕೊರತೆ ಇಲ್ಲ. ದೇರಳಕಟ್ಟೆ ಕಡೆ ಹೋದರೆ ಒಂದರ ಪಕ್ಕ ಒಂದು. ಆದರೆ ಅವೆಲ್ಲ ಖಾಸಗಿ ಅಥವಾ ಡೀಮ್ಡ್. ಸರ್ಕಾರಿ ಸೀಟು ಬೇಕಾದವರು ಹಾಸನ, ಮಡಿಕೇರಿ, ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರದ ಕಡೆ ನೋಡಬೇಕು. ಡೀಮ್ಡ್ ಕಾಲೇಜುಗಳ ಸೀಟು ದೇಶಮಟ್ಟದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಹೋಗುತ್ತದೆ, ಶುಲ್ಕ ಬಹಳ ಜಾಸ್ತಿ. ರಾಜ್ಯದ ಸರ್ಕಾರಿ ಕಾಲೇಜಿನ 85 ಶೇಕಡಾ ಸೀಟು ಮತ್ತು ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟು ಕೆಇಎ ಮೂಲಕ. ಸರ್ಕಾರಿ ಕಾಲೇಜಿನ ಉಳಿದ 15 ಶೇಕಡಾ ಅಖಿಲ ಭಾರತ ಕೋಟಾಕ್ಕೆ.

ನಮ್ಮವರಿಗೆ ರಾಜ್ಯದ ಲೆಕ್ಕದಲ್ಲಿ 2ಬಿ ಪ್ರವರ್ಗ, 4 ಶೇಕಡಾ ಮೀಸಲಾತಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರೊಳಗೇ ಬೇರೆ ಕೋಟಾ ಉಂಟು. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳಿಗೆ ಇವೆರಡೂ ಅನ್ವಯಿಸಬಹುದು. ಆದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆ ಮತ್ತು ಬಿಇಒ ಕಚೇರಿಗೆ ಓಡುವುದು ಕೊನೆಯ ದಿನ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಿಡಿದು ಎಲ್ಲ ಕಾಗದ ಪರೀಕ್ಷೆಗೆ ಮೊದಲೇ ಸಿದ್ಧ ಇರಬೇಕು. ಇನ್ನೊಂದು ಮಾತು: ನೀಟ್ ಅಂಕಪಟ್ಟಿಯಲ್ಲಿ ಕಾಣುವ ಕೆಟಗರಿ ರ‍್ಯಾಂಕ್ ಕೇಂದ್ರದ ವರ್ಗಗಳ ಪ್ರಕಾರದ್ದು. ಅದನ್ನೇ 2ಬಿ ರ‍್ಯಾಂಕ್ ಎಂದು ತಿಳಿಯಬೇಡಿ. ದೇಶದ ಒಟ್ಟು ರ‍್ಯಾಂಕ್ ಹಿಡಿದುಕೊಂಡು, ಕೆಇಎ ಪ್ರಕಟಿಸುವ ಹಿಂದಿನ ವರ್ಷದ ಕಾಲೇಜುವಾರು ಕಟ್‌ಆಫ್ ಪಟ್ಟಿಯಲ್ಲಿ 2ಬಿ ಸಾಲಿನ ಕೊನೆಯ ರ‍್ಯಾಂಕಿಗೆ ಹೋಲಿಸಿ ನೋಡಿ. ಮೊದಲ ಸುತ್ತು ಮಾತ್ರ ಅಲ್ಲ, ಕೊನೆಯ ಸುತ್ತನ್ನೂ ನೋಡಿ. ಅಲ್ಲಿ ಸಿಗುವ ಉತ್ತರ ಯಾವ ಏಜೆಂಟನ ಮಾತಿಗಿಂತ ಗಟ್ಟಿ.

ಇನ್ನೊಂದು ವರ್ಷ, ಯಾರಿಗೆ?

ನೀಟ್‌ಗೆ ಇಷ್ಟೇ ಸಲ ಬರೆಯಬಹುದು ಎಂಬ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಹಾಗಾಗಿ ಬಾಗಿಲು ಮುಚ್ಚಿಲ್ಲ. ಆದರೆ ಬಾಗಿಲು ತೆರೆದಿದೆ ಎಂದು ಎಲ್ಲರೂ ಅಲ್ಲೇ ನಿಲ್ಲಬೇಕಾಗಿಲ್ಲ.

ಬೇಕಾದ ರ‍್ಯಾಂಕಿಗೂ ಬಂದ ರ‍್ಯಾಂಕಿಗೂ ಅಂತರ ಎಷ್ಟು, ಕಳೆದುಹೋದ ಅಂಕ ಯಾವ ವಿಷಯದಲ್ಲಿ, ಅದು ಒಂದು ವರ್ಷದಲ್ಲಿ ಸರಿಯಾಗುವ ಬಗೆಯದ್ದಾ, ಮಗುವಿಗೆ ಸ್ವತಃ ಮನಸ್ಸು ಉಂಟಾ? ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ನಿರ್ಧಾರ ಮಾಡಿ. ಮನಸ್ಸಿಲ್ಲದ ಹುಡುಗನನ್ನು ಮೂರನೇ ಸಲ ಹಾಸ್ಟೆಲಿಗೆ ದೂಡುವ ಮನೆಗಳನ್ನು ನೋಡಿದ್ದೇನೆ. ಸ್ವಲ್ಪದರಲ್ಲೇ ಸೀಟು ತಪ್ಪಿದ ಹುಡುಗಿಗೆ “ಇನ್ನೊಂದು ವರ್ಷ ಯಾಕೆ, ಮದುವೆ ವಯಸ್ಸು” ಅನ್ನುವ ಮನೆಗಳನ್ನೂ ನೋಡಿದ್ದೇನೆ. ಎರಡು ಕಡೆಯೂ ಅಂಕಪಟ್ಟಿಯನ್ನು ಯಾರೂ ಓದಿರಲಿಲ್ಲ. ಓದಿದ್ದರೆ ಇವನನ್ನು ಬಿಡುತ್ತಿದ್ದರು, ಅವಳನ್ನು ಕಳಿಸುತ್ತಿದ್ದರು.

ಎಂಬಿಬಿಎಸ್ ಸಿಗದಿದ್ದರೆ ಓದೇ ಮುಗಿಯಿತು ಎಂದೂ ಅಲ್ಲ. ಬಿಡಿಎಸ್, ಆಯುರ್ವೇದ, ಹೋಮಿಯೋಪತಿ, ಯುನಾನಿಗೂ ಇದೇ ನೀಟ್ ರ‍್ಯಾಂಕ್ ನಡೆಯುತ್ತದೆ. ಫಾರ್ಮಸಿ, ಪಶುವೈದ್ಯಕೀಯ, ಕೃಷಿ ವಿಜ್ಞಾನಕ್ಕೆ ಸಿಇಟಿ ದಾರಿ. ನೀಟ್ ಜೊತೆಗೆ ಸಿಇಟಿಯನ್ನೂ ಬರೆಸಿಟ್ಟರೆ ಜೂನ್ ತಿಂಗಳಲ್ಲಿ ಕೈಯಲ್ಲಿ ಎರಡು ದಾರಿ ಇರುತ್ತದೆ. ಸೀಟು ಸಿಕ್ಕಿ ಶುಲ್ಕಕ್ಕೆ ಕಷ್ಟವಾದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯನ್ನು ವಿಚಾರಿಸಲಿ. ಚಿನ್ನ ಅಡವಿಡುವ ಮೊದಲು ಆ ಕಚೇರಿಯ ಮೆಟ್ಟಿಲು ಹತ್ತಲಿ.

ಈಗ ಎಂಟನೇ, ಒಂಬತ್ತನೇ ತರಗತಿಯಲ್ಲಿ ಮಕ್ಕಳಿರುವ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದೇ ಮಾತು. ಡಾಕ್ಟರ್ ಆಗು ಅಂತ ಹೇಳುವುದಕ್ಕೆ ಇನ್ನೂ ಸಮಯ ಉಂಟು. ಈ ವಾರ ಮಗುವಿನ ಗಣಿತದ ಪುಸ್ತಕ ತೆರೆದು, ಯಾವ ಪಾಠದಿಂದ ಅದಕ್ಕೆ ಅರ್ಥ ಆಗುವುದು ನಿಂತಿದೆ ಎಂದು ಕೇಳಿ. ಅಲ್ಲಿಂದ ಹೇಳಿಕೊಡಲು ಊರಿನ ಡಿಗ್ರಿ ಓದುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ. ನಾಲ್ಕು ವರ್ಷದ ನಂತರ ಫಿಸಿಕ್ಸ್‌ನ ಕಾಲಂನಲ್ಲಿ ಆ ಶ್ರಮ ಕಾಣಿಸುತ್ತದೆ.